ಅಡಕೆ ಹಾಕಿದರೆ ಹೌದು, ಎಲೆ ಹಾಕಿದರೆ ಅಲ್ಲ

ಚನ್ನಗಿರಿಯಲ್ಲಿ ನಾವು ಕಟ್ಟಿಕೊಂಡಿದ್ದ ಹೆಂಗಸರ ಸಂಘಕ್ಕೆ ಅಧ್ಯಕ್ಷರನ್ನು ಆರಿಸುವ ಕಷ್ಟವೇ ಇರಲಿಲ್ಲ. ಅವರು ಅಮಲ್ದಾರರ ಪಾತ್ರೆಪಗಡದ ಜೊತೆಯಲ್ಲೇ ಗಾಡಿಯಿಂದ ಇಳಿಯುತ್ತಿದ್ದರು. ತಾಲ್ಲೂಕಿಗೆ ಯಾರು ಅಮಲ್ದಾರರೋ ಅವರ ಮನೆಯಾಕೆ ಸಂಘಕ್ಕೆ ಅಧ್ಯಕ್ಷಿಣಿ. ವರ್ಗದ ಹುಕುಂ ಬಂದರೆ ಇಬ್ಬರ ಆಳ್ವಿಕೆಯೂ ಒಟ್ಟಿಗೇ ಮುಗಿಯುತ್ತಿತ್ತು. ಗಂಡನಿಗೆ ಕಂದಾಯ ಎತ್ತಲು ಬಂದರೆ ಹೆಂಡತಿಗೆ ಸಭೆ ನಡೆಸಲು ಬರುತ್ತದೆ ಎಂದು ನಾವು ನಂಬಿದ್ದೆವು. ದೊಡ್ಡ ಕುರ್ಚಿಗಳಿಗೆ ಜನರನ್ನು ಹುಡುಕುವ ಕ್ರಮ ಆಮೇಲೂ ಬಹಳ ಬದಲಾದಂತೆ ನನಗೆ ಕಂಡಿಲ್ಲ. ಆದ್ದರಿಂದ ನಮ್ಮನ್ನು ನೋಡಿ ಯಾರೂ ನಗಬೇಕಾಗಿಲ್ಲ.

ನಾನು ಹೇಳಹೊರಟಿರುವುದು ಯುದ್ಧದ ಕಾಲದ ಮಾತು. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಬಟ್ಟೆ ಸಿಗುತ್ತಿರಲಿಲ್ಲ, ಅಧ್ಯಕ್ಷಿಣಿಯರು ಮಾತ್ರ ತಪ್ಪದೆ ಸಿಗುತ್ತಿದ್ದರು. ಆಗ ಬಂದಿದ್ದವರು ಮೈಸೂರು ಕಡೆಯವರು. ಮೃದು ಮಾತು, ಕೆಟ್ಟದ್ದು ಬಯಸುವ ಜೀವವಲ್ಲ, ಮನೆಗೆ ಹೋದವರಿಗೆ ಕಾಫಿ ಕೊಡದೆ ಕಳಿಸಿದವರಲ್ಲ. ಆದರೆ ಯಾವ ವಿಷಯ ಎತ್ತಿದರೂ, "ನಮ್ಮನೆಯವರನ್ನ ಕೇಳಿ ಹೇಳ್ತೀನಿ ಕಣ್ರೀ" ಎನ್ನುತ್ತಿದ್ದರು. ನವರಾತ್ರಿಯ ಕೋಸಂಬರಿಗೆ ಹೆಸರುಬೇಳೆಯೋ ಕಡಲೆಬೇಳೆಯೋ ಎಂಬುದು ಕೂಡ ತಾಲ್ಲೂಕು ಕಚೇರಿಗೆ ಹೋಗಿ ತೀರ್ಮಾನವಾಗಿ ಬರಬೇಕಾಗಿತ್ತು. ಅಷ್ಟರಲ್ಲಿ ನೆನೆಸಿಟ್ಟ ಬೇಳೆ ಮೊಳಕೆ ಒಡೆದಿರುತ್ತಿತ್ತು.

ಅವರ ಮೊದಲನೆಯ ಸಭೆ ಸಂತೆಯಂತೆ ನಡೆಯಿತು. ಎಲ್ಲರೂ ಒಟ್ಟಿಗೆ ಮಾತಾಡಿ, ಒಟ್ಟಿಗೆ ಮುನಿಸಿಕೊಂಡು, ಒಟ್ಟಿಗೆ ಮನೆಗೆ ಹೋದರು. ಸುದ್ದಿ ತಿಳಿದ ಅಮಲ್ದಾರರು ಸಭೆ ನಡೆಸುವ ಕ್ರಮ ತಿಳಿಸುವ ಒಂದು ಇಂಗ್ಲಿಷ್ ಪುಸ್ತಕವನ್ನು ತರಿಸಿ ಹೆಂಡತಿಯ ಕೈಗಿಟ್ಟರು. ಆಕೆಗೆ ಇಂಗ್ಲಿಷ್ ಬಾರದು. ನಮ್ಮ ಗುಂಪಿನಲ್ಲಿ ಇಂಗ್ಲಿಷ್ ಓದಿದವಳು ನಾನೊಬ್ಬಳೇ. ಹೊನ್ನಾಳಿಯಲ್ಲಿ ನಮ್ಮಪ್ಪ, ಗಂಡುಮಗ ಇಲ್ಲದ ಕೊರತೆ ನೀಗಿಕೊಳ್ಳಲು, ನನ್ನನ್ನು ಲೋವರ್ ಸೆಕೆಂಡರಿ ತನಕ ಓದಿಸಿದ್ದರು. ಮೇಲಾಗಿ ನನ್ನ ಗಂಡ ವಕೀಲರು. ಕಾನೂನು ನೆಗಡಿಯ ಹಾಗೆ ಮನೆಯವರಿಗೆಲ್ಲ ಅಂಟುತ್ತದೆ ಎಂದು ಊರವರ ತಿಳಿವಳಿಕೆ. ಹೀಗೆ ಆ ಪುಸ್ತಕ ನನ್ನ ಮಡಿಲಿಗೆ ಬಿತ್ತು, ನಾನು ಸಂಘದ ನಿಯಮ ಸಲಹೆಗಾರ್ತಿಯಾದೆ.

ಸಲಹೆಗಾರರು ಏನು ಮಾಡಬೇಕೆಂದು ಪುಸ್ತಕದಲ್ಲಿ ಬರೆದಿತ್ತು. ಅಧ್ಯಕ್ಷರ ಪಕ್ಕದಲ್ಲಿ ಕೂರಬೇಕು. ಅವರು ಕೇಳಿದಾಗ ಕಿವಿಯಲ್ಲಿ ಮೆಲ್ಲಗೆ ಹೇಳಬೇಕು. ತಪ್ಪು ನಡೆಯುತ್ತಿದ್ದರೆ ಯಾರಿಗೂ ಕಾಣದಂತೆ ಎಚ್ಚರಿಸಬೇಕು. ಚರ್ಚೆಯಲ್ಲಿ ಬಾಯಿ ಹಾಕಕೂಡದು, ಮತ ಹಾಕಕೂಡದು. ತೀರ್ಪು ಕೊಡುವವರು ಅಧ್ಯಕ್ಷರು ಮಾತ್ರ. ಅವರು ಸಲಹೆಯನ್ನು ಕೇಳಿಯೂ ತಳ್ಳಿಹಾಕಬಹುದು, ತಳ್ಳಿಹಾಕಿದರೆ ಸಲಹೆಗಾರರು ಬೇಸರಿಸಿಕೊಳ್ಳಬಾರದು. ಇದನ್ನು ಓದಿ ಮುಗಿಸಿ ಗಂಡನಿಗೆ ಹೇಳಿದೆ, "ಇದಕ್ಕೆ ಪುಸ್ತಕ ಯಾಕ್ರಿ ಬೇಕಿತ್ತು? ನಿಮ್ಮ ಮನೆಗೆ ಬಂದಾಗ್ನಿಂದ ನಾನು ಇದೇ ಕೆಲಸ ತಾನೇ ಮಾಡ್ತಾ ಇರೋದು?" ಅವರು ಪತ್ರಿಕೆಯ ಪುಟ ತಿರುಗಿಸಿದರು.

ಸಭೆಯಲ್ಲಿ ಒಬ್ಬರಿಗೊಬ್ಬರು ನೇರವಾಗಿ ಮಾತಾಡಬಾರದು, ಏನಿದ್ದರೂ ಅಧ್ಯಕ್ಷರಿಗೆ ಹೇಳಬೇಕು ಎಂಬುದು ಮೊದಲ ನಿಯಮ. ಇದನ್ನು ಕಲಿಸುವಷ್ಟರಲ್ಲಿ ನನ್ನ ತಲೆ ನೆರೆಯುತ್ತದೆ ಎಂದುಕೊಂಡಿದ್ದೆ. ಒಂದು ಗಳಿಗೆಯಲ್ಲಿ ಕಲಿತುಬಿಟ್ಟರು. ನಮ್ಮ ಸೀಮೆಯ ಸೊಸೆ ಮಾವನ ಜೊತೆ ನೇರ ಮಾತಾಡುವಂತಿಲ್ಲ. ಕಂಬಕ್ಕೆ ಹೇಳುತ್ತಾಳೆ: "ನೀರು ಕಾದೈತೆ, ಸ್ನಾನಕ್ಕೆ ಏಳ್ಬೇಕಂತೆ." ಮಾವನೂ ಕಂಬಕ್ಕೇ ಉತ್ತರ ಕೊಡುತ್ತಾನೆ. ಇಲ್ಲಿ ಕಂಬದ ಜಾಗದಲ್ಲಿ ಅಮಲ್ದಾರರ ಹೆಂಡತಿ ಕೂತಿದ್ದರು, ಅಷ್ಟೇ.

"ಅಮ್ಮಾರೆ, ಎದುರುಮನೆಯವ್ರಿಗೆ ಹೇಳ್ರಿ, ಯುಗಾದಿಗೆ ತಗಂಡು ಹೋದ ಒಬ್ಬಟ್ಟಿನ ಕಾವಲಿ ಇನ್ನೂ ನಮ್ಮನೆಗೆ ಬಂದಿಲ್ಲ ಅಂತ."

"ಅಮ್ಮಾರೆ, ಅವ್ರಿಗೂ ಹೇಳ್ರಿ, ಆ ಕಾವಲಿ ಮೊದ್ಲು ನಮ್ಮನೇದೇ ಅಂತ."

ಅಧ್ಯಕ್ಷಿಣಿ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಲೆ ತಿರುಗಿಸಿ, ನನ್ನ ಕಿವಿಯ ಹತ್ತಿರ ಬಗ್ಗಿ, "ಇದಕ್ಕೆ ನಿಯಮ ಏನು ಕಣ್ರೀ?" ಎನ್ನುತ್ತಿದ್ದರು. ಕಾವಲಿಗೆ ಸಂಬಂಧಪಟ್ಟ ನಿಯಮ ಆ ಪುಸ್ತಕದಲ್ಲಿ ಇರಲಿಲ್ಲ.

ಸಭೆಗೆ ಇಂತಿಷ್ಟು ಜನ ಇರಲೇಬೇಕು ಎಂಬ ಕೋರಂ ಅಧ್ಯಕ್ಷಿಣಿಗೆ ಬಹಳ ಹಿಡಿಸಿತು. ಜನ ಕಡಿಮೆಯಾದರೆ ತೊಡೆಯ ಮೇಲಿನ ಕೂಸುಗಳನ್ನೂ ಎಣಿಸಿ, "ಸಾಕು, ಶುರು ಮಾಡೋಣ" ಎನ್ನುತ್ತಿದ್ದರು. ಕೂಸುಗಳೇ ಹೆಚ್ಚು ಗಮನ ಕೊಟ್ಟು ಕೇಳುತ್ತಿದ್ದವು ಎಂಬುದು ಬೇರೆ ಮಾತು. ಹಾಜರಿ ಕೂಗುವ ನಿಯಮವನ್ನು ಮಾತ್ರ ಕೈಬಿಡಬೇಕಾಯಿತು. ಪಟ್ಟಿಯಲ್ಲಿ ಪ್ರತಿಯೊಬ್ಬರೂ ಇಂಥವರ ಹೆಂಡತಿ ಎಂದೇ ಇದ್ದರು, ಗಂಡನ ಹೆಸರಿಗೆ ಓಗೊಡಲು ಯಾರಿಗೂ ಬಾಯಿ ಬರಲಿಲ್ಲ. ಹೆಸರು ಹೇಳದೆ ಬದುಕುವುದು ನಮಗೆ ರೂಢಿ. ಈಗ ಇದನ್ನು ಬರೆಯುವಾಗಲೂ ನನಗೆ ಒಂದು ಹೆಸರೂ ಬೇಕೆನ್ನಿಸುತ್ತಿಲ್ಲ.

ನಿಜವಾದ ಫಜೀತಿಯಾದದ್ದು ಮತ ಎಣಿಸುವುದರಲ್ಲಿ. ಒಪ್ಪುವವರು ಕೈ ಎತ್ತಿ ಎಂದರೆ ಒಬ್ಬರೂ ಎತ್ತಲಿಲ್ಲ. ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ಮಗು. ಬಟ್ಟೆ ಸಿಗದ ಕಾಲವಾದ್ದರಿಂದ ಕೈ ಎತ್ತಿದರೆ ಕಂಕುಳಲ್ಲಿ ಹರಿದ ರವಿಕೆ ಸಭೆಗೆಲ್ಲ ಕಾಣುತ್ತದೆ ಎಂಬ ಸಂಕಟ ಬೇರೆ. ಆಗ ಉಪಾಧ್ಯಕ್ಷಿಣಿ ಒಂದು ಉಪಾಯ ಹೇಳಿದರು. ಈಕೆ ಅಡಕೆ ಮಂಡಿ ಸಾಹುಕಾರರ ಹೆಂಡತಿ, ಎಲ್ಲರ ಬಾಯಲ್ಲಿ ಮಂಡಿಯಮ್ಮ. ಬಾಗಿಲಲ್ಲೇ ಪ್ರತಿಯೊಬ್ಬ ಸದಸ್ಯೆಗೆ ಒಂದು ವೀಳ್ಯದೆಲೆ, ಒಂದು ಅಡಕೆ ಹೋಳು ಕೊಡುವುದು. ಹೌದು ಎನ್ನುವವರು ಅಡಕೆ ಹಾಕುವುದು, ಅಲ್ಲ ಎನ್ನುವವರು ಎಲೆ ಹಾಕುವುದು. ಸಭೆ ಮುಗಿದ ಮೇಲೆ ಅರಿಶಿನ ಕುಂಕುಮ ಹಂಚುವ ಹಿತ್ತಾಳೆಯ ಹರಿವಾಣವೇ ಮತದ ಪೆಟ್ಟಿಗೆ. ಮೇಲೆ ಒಂದು ವಸ್ತ್ರ ಮುಚ್ಚಿರುತ್ತದೆ, ಅದರ ಅಡಿಯಲ್ಲಿ ಕೈ ತೂರಿಸಿ ಹಾಕಿದರೆ ಯಾರು ಏನು ಹಾಕಿದರೆಂದು ತಿಳಿಯುವುದಿಲ್ಲ. ಕೈಯಲ್ಲಿ ಉಳಿದದ್ದನ್ನು ನೋಡಿದರೆ ತಿಳಿಯುತ್ತಿತ್ತು, ಎಲ್ಲರೂ ನೋಡುತ್ತಲೂ ಇದ್ದರು. ಆದರೂ ಗುಟ್ಟಿನ ಮತ ಎಂದು ನಮಗೆ ಬಹಳ ಹೆಮ್ಮೆ. ಇಂಗ್ಲಿಷ್ ಪುಸ್ತಕಕ್ಕಿಂತ ಇದೇ ಚೆನ್ನಾಗಿದೆ ಎಂದು ನಾನೂ ಹೊಗಳಿದೆ.

ನಮ್ಮ ಸಂಘದಲ್ಲಿ ಪ್ರೈಮರಿ ಸ್ಕೂಲಿನ ಮೇಷ್ಟರ ಹೆಂಡತಿಯೂ ಸದಸ್ಯೆ. ಆ ವರ್ಷ ಮಳೆಗಾಲದಲ್ಲಿ ಮೇಷ್ಟರು ವಿಷಮಶೀತ ಜ್ವರದಲ್ಲಿ ತೀರಿಕೊಂಡರು. ಮೇಷ್ಟರು ಹೋದರೂ ಆಕೆಗೆ ಮೇಷ್ಟರ ಹೆಂಡತಿ ಎಂಬ ಹೆಸರು ಮಾತ್ರ ಉಳಿಯಿತು. ಅದರ ಜೊತೆಗೆ ಒಬ್ಬ ಮಗಳು. ಹುಡುಗಿ ಮಿಡ್ಲ್ ಸ್ಕೂಲಿನಲ್ಲಿ ಓದುತ್ತಿದ್ದಳು, ಕ್ಲಾಸಿಗೇ ಮೊದಲು, ಲೆಕ್ಕವೆಂದರೆ ಕುಣಿದಾಡುವಳು. ಮೇಷ್ಟರ ಅಣ್ಣ ನ್ಯಾಮತಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದರು. ತಮ್ಮನ ಹೆಂಡತಿ ಮಕ್ಕಳು ಪರವೂರಿನಲ್ಲಿ ಇರುವುದು ಮನೆತನಕ್ಕೆ ಶೋಭೆಯಲ್ಲ, ಬಂದು ನಮ್ಮ ಮನೆಯಲ್ಲೇ ಇರಲಿ ಎಂದು ಹೇಳಿಕಳಿಸಿದರು. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ! ಅದರ ಬಾಲದಲ್ಲಿ ಇನ್ನೊಂದು ಮಾತಿತ್ತು. ಅವರ ಹೆಂಡತಿಯ ತಮ್ಮ ಜಗಳೂರಿನಲ್ಲಿದ್ದ. ಅವನ ಹೆಂಡತಿ ಎರಡು ಮಕ್ಕಳನ್ನು ಬಿಟ್ಟು ಸತ್ತಿದ್ದಳು. ಹುಡುಗಿಯನ್ನು ಸ್ಕೂಲು ಬಿಡಿಸಿ ಅವನಿಗೆ ಕೊಡುವುದೆಂದು ನಿಶ್ಚಯ ಮಾಡಿದ್ದರು. ಹುಡುಗಿಯ ತಾಯನ್ನು ಯಾರೂ ಕೇಳಿರಲಿಲ್ಲ.

ಇದೇ ಸಮಯಕ್ಕೆ ಸಂಘಕ್ಕೆ ಒಂದು ಹೊಲಿಗೆ ಮಿಷಿನ್ನು ಬಂದಿತ್ತು. ಊರಿನ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಕ್ಲಾಸು ತೆಗೆಯಬೇಕು, ಕಲಿಸುವವರಿಗೆ ಸಂಬಳ, ಇರುವುದಕ್ಕೆ ಸಂಘದ ಕಟ್ಟಡದ ಹಿಂದಿನ ಕೋಣೆ ಎಂದು ಏರ್ಪಾಡಾಗಿತ್ತು. ಮೇಷ್ಟರು ಸಂತೇಬೆನ್ನೂರಿನಲ್ಲಿದ್ದಾಗ ಈಕೆ ಪಕ್ಕದ ಮನೆಯ ಸಿಂಪಿಗರಲ್ಲಿ ಹೊಲಿಗೆ ಕಲಿತಿದ್ದರು. ಊರಿನಲ್ಲಿ ಮಿಷಿನ್ನು ತುಳಿಯಲು ಬರುತ್ತಿದ್ದ ಹೆಂಗಸು ಆಕೆಯೊಬ್ಬರೇ. ಇಷ್ಟು ಸಾಲದೇ? ನಮ್ಮ ಹಿತ್ತಲಿಗೆ ಬಂದು ಆಕೆ ಹೇಳಿದರು:

"ಅಕ್ಕಾರೆ, ನಂಗೆ ಆ ಕೋಣೆ ಒಂದು ಸಿಕ್ರೆ ಸಾಕು. ಮಗಳು ಓದು ಮುಗ್ಸೋ ತನ್ಕ ನಾನು ಇಲ್ಲಿಂದ ಕದಲಾಕಿಲ್ಲ. ಸಿಗ್ಲಿಲ್ಲ ಅಂದ್ರೆ ಭಾವ ಗಾಡಿ ತರ್ತಾರೆ. ಇಲ್ಲ ಅನ್ನಾಕೆ ನಂಗೇನು ಮನೆ ಐತಾ?"

ಹೊಲಿಗೆ ಕಲಿಸಲು ಆಕೆಯನ್ನೇ ನೇಮಿಸಬೇಕೆಂಬ ಠರಾವು ನಾನೇ ಬರೆದುಕೊಟ್ಟೆ. ಡಾಕ್ಟರ ಹೆಂಡತಿ ಸೂಚಿಸುವುದು, ಪೋಸ್ಟ್ ಮಾಸ್ಟರ ಹೆಂಡತಿ ಅನುಮೋದಿಸುವುದು ಎಂದು ಒಪ್ಪಿಸಿದೆ. ಗೆದ್ದೇ ಗೆಲ್ಲುತ್ತೇವೆ ಎಂದುಕೊಂಡಿದ್ದೆ.

ಸಭೆ ಶುಕ್ರವಾರ ಇತ್ತು. ನ್ಯಾಮತಿಯ ಭಾವನವರು ಬೆಳಿಗ್ಗೆಯೇ ಕಮಾನುಗಾಡಿ ತಂದು ಸಂಘದ ಎದುರಿನ ಜಗಲಿಯ ಮೇಲೆ ಕೂತು ನಶ್ಯ ಏರಿಸುತ್ತಿದ್ದರು. ಠರಾವು ಬಿದ್ದರೆ ಸಂಜೆಯೊಳಗೆ ತಾಯಿಮಗಳನ್ನು ಹತ್ತಿಸಿಕೊಂಡು ಹೊರಡುವುದಕ್ಕೆ ಎತ್ತಿಗೆ ಹುಲ್ಲು ಹಾಕಿ ಸಿದ್ಧವಾಗಿದ್ದರು. ಮೇಷ್ಟರ ಹೆಂಡತಿ ಒಳಗೆ ಬಾಗಿಲ ಪಕ್ಕದ ಗೋಡೆಗೆ ಒರಗಿ, ಎಲ್ಲರಿಂದ ಒಂದು ಮಾರು ದೂರ ಕೂತಿದ್ದರು. ಗಂಡ ಸತ್ತ ಮೇಲೆ ಆಕೆ ಬಂದ ಮೊದಲ ಸಭೆ ಅದು.

ಠರಾವು ಓದಿದ ಕೂಡಲೇ ಮಂಡಿಯಮ್ಮ ಎದ್ದರು. ನಿಯಮದ ಪ್ರಕಾರ ಅಧ್ಯಕ್ಷರಿಗೇ ಹೇಳಿದರು, ಅದರಲ್ಲಿ ಒಂದು ಅಕ್ಷರ ತಪ್ಪಲಿಲ್ಲ.

"ಅಮ್ಮಾರೆ, ಯಾರ ಮನಸ್ಸನ್ನೂ ನೋಯಿಸಾಕೆ ಹೇಳ್ತಾ ಇಲ್ಲ. ಕ್ಲಾಸಿಗೆ ಬರೋವು ಮದುವೆ ಆಗ್ಬೇಕಾದ ಹುಡುಗೀರು. ಬೆಳಗಾಗೆದ್ದು ಯಾರ ಮುಖ ನೋಡ್ಬೇಕು, ಯಾರ ಕೈಲಿ ದಾರ ಇಸ್ಕೋಬೇಕು ಅನ್ನೋದು ಒಂದು ಇರ್ತೈತೆ ನೋಡ್ರಿ. ಆಮೇಲೆ ಅವ್ರಿಗೇನು ಗತಿ ಇಲ್ವಾ? ಭಾವ ಗಾಡಿ ಕಟ್ಕಂಡು ಬಂದವ್ರೆ."

ತಲೆಗಳು ಅಲ್ಲಾಡಿದವು. ಹರಿದ ರವಿಕೆಗಳನ್ನು ಮೇಷ್ಟರ ಹೆಂಡತಿಯ ಕೈಯಲ್ಲೇ ಹೊಲಿಸಿಕೊಂಡು ಬಂದಿದ್ದ ತಲೆಗಳೂ ಅಲ್ಲಾಡಿದವು. ನನಗೆ ಮೈ ಉರಿಯಿತು. ಆದರೆ ಸಲಹೆಗಾರ್ತಿ ಚರ್ಚೆಯಲ್ಲಿ ಬಾಯಿ ಹಾಕಕೂಡದಲ್ಲ! ನಾಲಿಗೆ ಕಚ್ಚಿಕೊಂಡು ಕೂತೆ. ಡಾಕ್ಟರ ಹೆಂಡತಿ ಎರಡು ಮಾತು ಚೆನ್ನಾಗಿಯೇ ಆಡಿದರು. ಮತಕ್ಕೆ ಹಾಕಿದ್ದಾಯಿತು.

ಮಂಡಿಯಮ್ಮನೇ ಹರಿವಾಣ ಹಿಡಿದು ಸಾಲಾಗಿ ಎಲ್ಲರ ಮುಂದೆ ಹೋದರು. ವಸ್ತ್ರದ ಅಡಿಯಲ್ಲಿ ಕೈಗಳು ಹೋಗಿ ಬಂದವು. ಬಾಗಿಲ ಹತ್ತಿರ ಬಂದಾಗ ಮೇಷ್ಟರ ಹೆಂಡತಿಯನ್ನು ದಾಟಿ ಹಾಗೇ ತಿರುಗಿಬಿಟ್ಟರು. ಆಕೆಗೆ ಬಾಗಿಲಲ್ಲಿ ಎಲೆಯಡಕೆಯನ್ನೂ ಕೊಟ್ಟಿರಲಿಲ್ಲ. ಕುಂಕುಮದ ಬಟ್ಟಲಿರುವ ಹರಿವಾಣವನ್ನು ಗಂಡ ಸತ್ತವಳ ಮುಂದೆ ಹಿಡಿಯುವುದುಂಟೇ? ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಗುಟ್ಟಿನ ಮತಕ್ಕೆ ನಾವು ಇಷ್ಟು ಬುದ್ಧಿವಂತಿಕೆಯಿಂದ ಹುಡುಕಿದ್ದ ಪಾತ್ರೆ ಯಾವುದೆಂದು ನನಗೆ ಹೊಳೆದದ್ದು ಆಗಲೇ.

ಎಣಿಸಿದಾಗ ಎಲೆ ಒಂದು ಹೆಚ್ಚಾಗಿತ್ತು.

ನಾನು ಅಧ್ಯಕ್ಷಿಣಿಯ ಕಿವಿಯಲ್ಲಿ ಹೇಳಿದೆ, "ಅಮ್ಮಾರೆ, ಒಬ್ಬ ಸದಸ್ಯೆಯ ಮತ ಬಾಕಿ ಐತೆ. ಎಲ್ಲರನ್ನೂ ಕೇಳೋ ತನ್ಕ ಫಲಿತಾಂಶ ಹೇಳಾಕೆ ಬರಾಕಿಲ್ಲ."

"ಶುಕ್ರವಾರ ಕಣ್ರೀ. ಹರಿವಾಣ ಹೇಗೆ ಹಿಡಿಯೋದು ಅವರ ಮುಂದೆ?"

"ಅದು ನಿಯಮದಲ್ಲಿಲ್ಲ. ಮತ ಮಾತ್ರ ಐತೆ."

ಅವರು ಸೆರಗಿನ ತುದಿಯನ್ನು ತಿರುಚಿದರು, ಬಿಟ್ಟರು, ಮತ್ತೆ ತಿರುಚಿದರು. ನನಗೆ ತಡೆಯಲಾಗಲಿಲ್ಲ. ಪುಸ್ತಕದ ಮರ್ಯಾದೆಯನ್ನು ಅಲ್ಲೇ ಬಿಟ್ಟು, ಸಭೆಗೆಲ್ಲ ಕೇಳುವಂತೆ ಅದನ್ನೇ ಗಟ್ಟಿಯಾಗಿ ಹೇಳಿದೆ.

"ಅಮ್ಮಾರೆ," ಎಂದರು ಮಂಡಿಯಮ್ಮ, "ತಮ್ಮ ವಿಷಯಕ್ಕೆ ತಾವೇ ಮತ ಹಾಕೋದು ಯಾವ ಊರ ನ್ಯಾಯ ಅಂತ ವಕೀಲರ ಮನೆಯವ್ರನ್ನ ಕೇಳ್ರಿ."

"ಅಮ್ಮಾರೆ," ಎಂದೆ ನಾನು, "ಸಂಕ್ರಾಂತಿ ರಂಗೋಲಿ ಪಂದ್ಯದಾಗೆ ಉಪಾಧ್ಯಕ್ಷರು ತಮ್ಮ ರಂಗೋಲಿಗೆ ತಾವೇ ಅಡಕೆ ಹಾಕ್ಕಂಡು ಮೊದಲ್ನೇ ಬಹುಮಾನ ತಗಂಡ್ರಲ್ಲ, ಅದೇ ಊರ ನ್ಯಾಯ ಅಂತ ಹೇಳ್ರಿ."

ನಕ್ಕವರು ನಕ್ಕರು. ಅಧ್ಯಕ್ಷಿಣಿಗೆ ದಾರಿ ಸಿಕ್ಕಿತು. ಒಳಗಿನಿಂದ ಒಂದು ಊಟದ ಮುತ್ತುಗದೆಲೆ ತರಿಸಿದರು. ಅದನ್ನು ಮೇಷ್ಟರ ಹೆಂಡತಿಯ ಮುಂದೆ ನೆಲದ ಮೇಲೆ ಇಡಿಸಿ, ಇದು ಅವರ ಪ್ರತ್ಯೇಕ ಪೆಟ್ಟಿಗೆ ಎಂದು ಸಾರಿದರು. ಮುತ್ತುಗದೆಲೆಯೂ ಎಲೆಯೇ, ಅದನ್ನು ಅಲ್ಲ ಎಂದು ಲೆಕ್ಕಕ್ಕೆ ಹಿಡಿಯಬೇಕೋ ಎಂದು ಮಂಡಿಯಮ್ಮ ಕೇಳಿದರು. ನನ್ನ ಸಂಚಿಯಿಂದ ಒಂದು ಎಲೆ, ಒಂದು ಅಡಕೆ ತೆಗೆದು ಮೇಷ್ಟರ ಹೆಂಡತಿಯ ಕೈಗೆ ಕೊಟ್ಟೆ. ಮುಚ್ಚಲು ವಸ್ತ್ರವಿಲ್ಲ, ಮರೆಯಿಲ್ಲ. ಸಭೆಯೆಲ್ಲ ಕತ್ತು ಚಾಚಿ ನೋಡುತ್ತಿರುವಾಗ ಆಕೆ ತನ್ನ ಗುಟ್ಟಿನ ಮತವಾಗಿ ಅಡಕೆ ಹಾಕಿದರು.

ಈಗ ಎರಡೂ ಸರಿಸಮ.

ನಾನು ಎದ್ದು ನಿಂತೆ. "ನಾನೂ ಈ ಸಂಘದ ಸದಸ್ಯೆ. ಸಲಹೆ ಕೊಡೋ ಕೆಲಸ ಈಗ್ಲೇ ಬಿಟ್ಟೆ. ನಂಗೂ ಒಂದು ಅಡಕೆ ಕೊಡ್ರಿ."

ಅಧ್ಯಕ್ಷಿಣಿ ಗಾಬರಿಯಾಗಿ ನನ್ನ ಸೆರಗು ಹಿಡಿದೆಳೆದರು. "ಇ‌ದೇನ್ರೀ ಇದು! ಮತ ಹಾಕೋವಾಗ ಮಧ್ಯದಲ್ಲಿ ಬಿಡಬಹುದಾ? ಬಿಡಬಾರದಾ? ನೀವೇ ಬಿಟ್ಟುಬಿಟ್ಟರೆ ಅದನ್ನ ನಾನು ಯಾರನ್ನ ಕೇಳಲಿ?"

ಹಾಗೆ ಕೇಳಿದಾಗ ಅವರ ಮುಖದಲ್ಲಿದ್ದ ಕಳವಳ ನಾಟಕವಲ್ಲ. ಒಂದು ಕ್ಷಣ ಯೋಚಿಸಿ, ಜನ್ಮದಲ್ಲಿ ಮೊದಲ ಸಲ ಯಾರನ್ನೂ ಕೇಳದೆ, ಅವರು ತೀರ್ಪು ಕೊಟ್ಟರು: "ಬಿಡೋ ಹಾಗಿಲ್ಲ. ಕೂತುಕೊಳ್ಳಿ." ಅಧ್ಯಕ್ಷರ ತೀರ್ಪಿಗೆ ಮೇಲ್ಮನವಿ ಇಲ್ಲ ಎಂದು ಅವರಿಗೆ ಹೇಳಿಕೊಟ್ಟವಳು ನಾನೇ. ಕೂತುಕೊಂಡೆ. ಕಲಿಸಿದ ಮಂತ್ರ ಕಲಿಸಿದವರಿಗೇ ತಗುಲುವುದೆಂದರೆ ಇದೇ ಇರಬೇಕು.

ಮತಗಳು ಸಮನಾದರೆ ಅಧ್ಯಕ್ಷರದು ನಿರ್ಣಾಯಕ ಮತ. ಅದನ್ನು ಕೇಳಿದ ಅವರು ಪಾಪ ಬೆವತುಹೋದರು. ಮಾಮೂಲಿನ ಮಾತು ಇನ್ನೇನು ಬರುತ್ತದೆ ಎಂದು ಎಲ್ಲರೂ ಕಾದರು. ಮಂಡಿಯಮ್ಮನಂತೂ, "ನಾಳೆ ಹೇಳಿದ್ರಾತು ಬಿಡ್ರಿ ಅಮ್ಮಾರೆ, ಮನೇಲಿ ಒಂದು ಮಾತು ಕೇಳ್ರಿ" ಎಂದು ಸುಲಭ ಮಾಡಿಕೊಡಲು ಹೋದರು. ವಿಷಯ ತಾಲ್ಲೂಕು ಕಚೇರಿಗೆ ಹೋದರೆ ಕೆಟ್ಟಿತು ಎಂದು ನನಗೆ ಗೊತ್ತಿತ್ತು. ಗಂಡಸರು ಗಂಡಸರು ಕೂಡಿ, ಮನೆತನದ ವಿಷಯ ಎಂದು ಕಟ್ಟಿಹಾಕುತ್ತಾರೆ. ಅದಕ್ಕೇ ನಾನು ಕಿವಿಯಲ್ಲಲ್ಲ, ಬಾಯಿಬಿಟ್ಟೇ ಹೇಳಿದೆ:

"ನಿರ್ಣಾಯಕ ಮತ ಮನೆಗೆ ತಗಂಡು ಹೋಗಾಕೆ ಬರಾಕಿಲ್ಲ ಅಮ್ಮಾರೆ. ಕುರ್ಚಿ ಮೇಲೆ ಕೂತೇ ಹೇಳ್ಬೇಕು. ಇದು ನಿಮ್ಮ ಒಬ್ಬರ ಮತ. ಯಾರನ್ನೂ ಕೇಳಂಗಿಲ್ಲ."

ಗೆದ್ದೆ ಎಂದುಕೊಂಡೆ. ಅಧ್ಯಕ್ಷಿಣಿಯ ಮನಸ್ಸು ನನಗೆ ಗೊತ್ತು. ಆಕೆಗೆ ಇರುವುದೂ ಒಬ್ಬಳೇ ಮಗಳು, ಮೇಷ್ಟರ ಮಗಳ ಸ್ಕೂಲಿನಲ್ಲೇ, ಅವಳ ಬೆಂಚಿನ ಮೇಲೇ ಕೂರುವ ಹುಡುಗಿ.

ಅಧ್ಯಕ್ಷಿಣಿ ತಗ್ಗಿದ ದನಿಯಲ್ಲಿ ಹೇಳಿದರು, "ಕೇಳೋದೇನೂ ಬೇಡ ಬಿಡಿ. ನಿನ್ನೆನೇ ಕೇಳಿದೀನಿ. ಇವರ ಭಾವನವರು ಮನೆಗೆ ಬಂದು ಮಾತಾಡಿಕೊಂಡು ಹೋದರು. ಮನೆತನದ ವಿಷಯ, ಸಂಘ ಮಧ್ಯೆ ಬರಬಾರದು ಅಂದ್ರು ನಮ್ಮನೆಯವರು. ನನ್ನದು... ಇಲ್ಲ."

ತಮ್ಮ ಪಾಲಿನ ವೀಳ್ಯದೆಲೆ ಎತ್ತಿ, ಸದ್ದಾದೀತೆಂಬಂತೆ ಮೆಲ್ಲಗೆ ಹರಿವಾಣದ ಎಲೆಗಳ ಮೇಲಿಟ್ಟರು.

ಠರಾವು ಓದಿದ್ದೇನು, ಸೂಚಕರು ಅನುಮೋದಕರೇನು, ರಂಗೋಲಿಯೇನು, ನನ್ನ ಪುಸ್ತಕವೇನು! ಹಿಂದಿನ ದಿನ ಕಾಫಿಯ ಲೋಟದ ಮುಂದೆ ಮುಗಿದುಹೋಗಿದ್ದ ವಿಷಯಕ್ಕೆ ನಾವಷ್ಟು ಜನ ಮಧ್ಯಾಹ್ನವೆಲ್ಲ ಕೂತು ಎಲೆ ಅಡಕೆ ಎಣಿಸಿದ್ದೆವು. ನನಗೆ ಬಂದ ಸಿಟ್ಟು ಎಂಥದ್ದೆಂದರೆ, ಆ ಹರಿವಾಣವನ್ನು ಬೀದಿಗೆ ಎಸೆಯಬೇಕೆನ್ನಿಸಿತು.

ಮೇಷ್ಟರ ಹೆಂಡತಿ ಎದ್ದರು. ಆಕೆ ಆ ಸಂಘದಲ್ಲಿ ಬಾಯಿ ತೆರೆದದ್ದು ಅದೇ ಮೊದಲು.

"ಅಮ್ಮಾರೆ, ನಿನ್ನೇನೇ ತೀರ್ಮಾನ ಆಗಿತ್ತು ಅಂದ್ರೆ, ಇವತ್ತು ನನ್ನ ಮುಂದೆ ಈ ಊಟದೆಲೆ ಯಾಕೆ ಹಾಕಿಸಿದ್ರಿ?"

ಅಧ್ಯಕ್ಷಿಣಿ ಅಭ್ಯಾಸಬಲದಿಂದ ನನ್ನ ಕಡೆ ತಿರುಗಿದರು. ಮೇಷ್ಟರ ಹೆಂಡತಿ ಬಗ್ಗಿ ಮುತ್ತುಗದೆಲೆಯ ಮೇಲಿದ್ದ ತನ್ನ ಅಡಕೆ ಹೋಳನ್ನು ಎತ್ತಿಕೊಂಡರು. ಕೈಯಲ್ಲೇ ಉಳಿದಿದ್ದ ವೀಳ್ಯದೆಲೆಯನ್ನು ಸೀರೆಗೆ ಒರೆಸಿ, ನಾರು ತೆಗೆದು, ಅಡಕೆಯನ್ನು ಅದರಲ್ಲಿ ಮಡಿಸಿದರು. ಗಂಡ ಸತ್ತವಳು ಮುಟ್ಟಬಾರದ ತಾಂಬೂಲವನ್ನು, ಶುಕ್ರವಾರದ ದಿನ, ಅಷ್ಟು ಜನ ಮುತ್ತೈದೆಯರ ಎದುರಿಗೆ ಬಾಯಿಗಿಟ್ಟುಕೊಂಡು ಅಗಿದರು. ಯಾರೋ "ಶಿವಶಿವಾ" ಎಂದರು. ಆಕೆ ಅಗಿಯುತ್ತಲೇ ಹೊಸ್ತಿಲು ದಾಟಿ, ಜಗಲಿಯ ಕಡೆ ನೋಡದೆ, ಸ್ಕೂಲಿನ ಕಡೆಗೆ ಮಗಳನ್ನು ಕರೆತರಲು ಹೋದರು. ಎದುರಿನ ಜಗಲಿಯಲ್ಲಿ ಭಾವನವರು ಎದ್ದು ಪಂಚೆ ಕೊಡವಿಕೊಂಡು ಎತ್ತು ಹೂಡಲು ಹೇಳಿದರು.

ಒಳಗೆ ಅಧ್ಯಕ್ಷಿಣಿ ನನ್ನ ಕಿವಿಗೆ ಬಗ್ಗಿದರು. ಕಣ್ಣು ಒದ್ದೆಯಾಗಿತ್ತು, ಆದರೆ ದನಿಯಲ್ಲಿ ಏನೋ ಆಸೆ.

"ಅಲ್ಲ ಕಣ್ರೀ, ಅವರ ಅಡಕೆ ಅವರೇ ತಿಂದುಬಿಟ್ಟರಲ್ಲ. ನನ್ನದು ಬಿಟ್ಟರೂ ಈಗ ಎಲೆನೇ ಒಂದು ಜಾಸ್ತಿ ಆಯಿತು. ಹಾಗಾದರೆ ನನ್ನ ಮತ ಬೇಕಾಗೇ ಇರಲಿಲ್ಲ ಅಲ್ವಾ? ನಾನು ಇಲ್ಲ ಅಂದ ಹಾಗೆ ಆಗಲಿಲ್ಲ, ಅಲ್ವಾ?"

"ಅಂದ್ರಿ ಅಮ್ಮಾರೆ," ಎಂದೆ. "ನಾವೆಲ್ಲ ಕೇಳಿಸ್ಕಂಡೀವಿ."

ಸಲಹೆಯನ್ನು ಕೇಳಿಯೂ ತಳ್ಳಿಹಾಕುವುದು ಅಧ್ಯಕ್ಷರ ಹಕ್ಕು. ತಮ್ಮ ನಿರ್ಣಾಯಕ ಮತದ ಸುದ್ದಿಯನ್ನೇ ಎತ್ತದೆ, ಠರಾವು ಬಹುಮತದಿಂದ ಬಿದ್ದುಹೋಯಿತು ಎಂದು ನಡವಳಿಯಲ್ಲಿ ಬರೆಸಿದರು. ಬರೆದದ್ದು ಡಾಕ್ಟರ ಹೆಂಡತಿ. ಬರೆಯುವ ಹೊತ್ತಿಗೆ ನಾನು ಎದ್ದು ಹೊರಟಿದ್ದೆ, ಆ ಸಂಜೆಯಿಂದಲೇ ಸಂಘ ಬಿಟ್ಟೆ. ಹೊಲಿಗೆ ಕಲಿಸುವವರು ಬೇರೆ ಯಾರೂ ಸಿಗದೆ ಮಿಷಿನ್ನು ಗೋಣಿ ಹೊದ್ದು ಕೂತಿತು. ಹುಡುಗಿಯ ಮದುವೆ ಬೇಸಿಗೆಯಲ್ಲಿ ಜಗಳೂರಿನಲ್ಲಿ ನಡೆಯಿತು. ಲಗ್ನಪತ್ರಿಕೆ ಸಂಘದ ವಿಳಾಸಕ್ಕೂ ಬಂದಿತ್ತಂತೆ. ಆಮೇಲೆ ನಡೆದದ್ದನ್ನು ಡಾಕ್ಟರ ಹೆಂಡತಿ ನನಗೆ ಹೇಳಿದರು. ಮದುಮಗಳಿಗೆ ಒಂದು ಬೆಳ್ಳಿಯ ಕುಂಕುಮದ ಭರಣಿ ಉಡುಗೊರೆ ಕಳಿಸಬೇಕೆಂದು ಅಧ್ಯಕ್ಷಿಣಿಯೇ ಸೂಚಿಸಿದರು, ಮಂಡಿಯಮ್ಮ ಅನುಮೋದಿಸಿದರು. ಹರಿವಾಣ ಎಲ್ಲರ ಮುಂದೆಯೂ ಹೋಗಿ ಬಂತು. ವಸ್ತ್ರ ತೆಗೆದು ನೋಡಿದರೆ ಒಂದಾದರೂ ಎಲೆ ಇರಲಿಲ್ಲ, ಬರೀ ಅಡಕೆ.